ಅಜ್ಜಿ ಎದ್ದು ನಿಂತ ದಿನ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಟೈಲರ್ ಆಂಟಿ,

ನಮಗೆ ಮನೆ ಸಿಕ್ಕಿಬಿಟ್ಟಿತು, ಬರೀ ನಾವಿಬ್ಬರೇ ಇರುವ ಮನೆ! ನಿಮ್ಮ ಕಾಗದಕ್ಕೆ ಹನ್ನೆರಡು ದಿನ ಉತ್ತರ ಬರೆಯದೆ ಕೂತಿದ್ದಕ್ಕೆ ಕಿವಿ ಹಿಂಡಿ, ಆದರೆ ಮೊದಲು ಇದನ್ನು ಕೇಳಿ. ಮೂರನೇ ಮಹಡಿ, ಎರಡು ಕೋಣೆ, ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದವರ ಬಚ್ಚಲ ಗೋಡೆ. ನನಗೆ ಅದೂ ಚಂದ. ಇವರು ಪರದೆಗೆ ಮೊಳೆ ಹೊಡೆಯಲು ಹೋಗಿ ಗೋಡೆಯಲ್ಲಿ ಮುಷ್ಟಿ ಹಿಡಿಸುವಷ್ಟು ತೂತು ಮಾಡಿದರು. ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿ, "ಓನರ್ ಬಂದ್ರೆ ನೀನು ಇದರ ಮುಂದೆ ನಿಂತ್ಕೊಂಡು ನಗ್ತಾ ಇರು" ಅಂದರು. ಎಂಥವರನ್ನು ಕಟ್ಟಿಕೊಂಡಿದ್ದೇನೆ ನೋಡಿ.

ಇನ್ನೊಂದು ಹೇಳಿದರೆ ನಗುತ್ತೀರಿ. ಮೊನ್ನೆ ಇವರು ಸ್ನಾನಕ್ಕೆ ಹೋದಾಗ ನಾನು ಟವೆಲ್ ಹಿಡಿದು ಬಚ್ಚಲ ಬಾಗಿಲಲ್ಲೇ ನಿಂತಿದ್ದೆ. ಜಾರೀತು, ಗೋಡೆ ಹಿಡ್ಕೋ ಅಂತ ಕೂಗಿದೆನಂತೆ. ಹೊರಗೆ ಬಂದವರು, ಏನೇ, ನಾನೇನು ಎಂಬತ್ತರ ಮುದುಕನಾ ಅಂತ ಕೇಳಿದರು. ಇಬ್ಬರೂ ನಕ್ಕೆವು. ಆಮೇಲೆ ಅವರೊಬ್ಬರೇ ನಗುತ್ತಿದ್ದರು.

ನಿಮ್ಮ ಕಾಗದವನ್ನು ಇವರಿಗೆ ತೋರಿಸಿಲ್ಲ. ದಿಂಬಿನ ಚೀಲದೊಳಗೆ ಇಟ್ಟಿದ್ದೇನೆ. ಬೆಳಿಗ್ಗೆ ಬಚ್ಚಲಲ್ಲಿ ಕುಸಿದ ಅಜ್ಜಿ, ನೀವು ಊಟಕ್ಕೆ ಅಂಗಡಿ ಮುಚ್ಚಿ ಬರುವ ಮಧ್ಯಾಹ್ನ ಒಂದು ಗಂಟೆಯವರೆಗೆ ಒದ್ದೆ ನೆಲದಲ್ಲೇ ಇದ್ದಳು ಅಂತ ಬರೆದಿದ್ದೀರಿ. ಬೆನ್ನಿನ ಹುಣ್ಣು ಮಾಯುತ್ತಿಲ್ಲ ಅಂತಲೂ. ಪಾಪ, ಆವತ್ತಿನಿಂದ ಅಜ್ಜಿಯ ಮನೆಗೂ ನಿಮ್ಮ ಅಂಗಡಿಗೂ ನಡುವಿನ ಗೋಡೆಗೆ ಒಂದು ಕಿವಿ ಇಟ್ಟುಕೊಂಡೇ ಹೊಲಿಗೆ ಹಾಕುತ್ತಿದ್ದೀರಿ. ವಯಸ್ಸಾದವರ ಆರೈಕೆ ಕಚೇರಿಗೆ ಹೋಗಿ, ದಿನಾ ಬಂದು ಸ್ನಾನ ಮಾಡಿಸುವ ಒಬ್ಬ ಸಹಾಯಕಿಯನ್ನು ಕೊಡಿ ಅಂತ ಕೇಳಿದಿರಂತೆ. ಫೈಲು ತೆಗೆದು, ಈ ಅಜ್ಜಿಗೆ ಯಾರ ಸಹಾಯವೂ ಬೇಕಿಲ್ಲ ಅಂತ ಓದಿ ಕಳಿಸಿದರಂತೆ. ಯಾವ ಕುರುಡ ತುಂಬಿಸಿದನೋ ಆ ಫಾರಂ ಅಂತ ನೀವು ಬೈದದ್ದನ್ನು ನೂರು ಸಲ ಓದಿದ್ದೇನೆ.

ನಿಮ್ಮ ಮಂಡಿನೋವು ಇಳಿಯಲಿ ಆಂಟಿ. ನಿಮ್ಮ ಮಷೀನು ಸದ್ದು ಮಾಡುತ್ತಲೇ ಇರಲಿ. ಅದು ಕೇಳುವಷ್ಟು ಹೊತ್ತು ಅಜ್ಜಿ ಒಂಟಿಯಲ್ಲ.

ನಿಮ್ಮ
ಗುಬ್ಬಿ

ವಿ.ಸೂ. ಆ ಫಾರಂ ತುಂಬಿಸಿದ್ದು ನಾನು. ಮದುವೆಯ ದಿನ ಗೊತ್ತು ಮಾಡಲು ಅತ್ತೆ ಬಂದು ಕೂತಿದ್ದರಲ್ಲ, ಕಚೇರಿಯ ಹೆಂಗಸು ಫಾರಂ ಹಿಡಿದು ಅದೇ ಹೊತ್ತಿಗೆ ಬಂದಳು. ನೀನು ನಮ್ಮ ಮನೆಗೆ ಬಂದುಬಿಟ್ಟರೆ ಅಜ್ಜಿಯನ್ನು ನೋಡಿಕೊಳ್ಳುವವರು ಯಾರಮ್ಮ ಅಂತ ಅತ್ತೆ ಆಗಷ್ಟೇ ಕೇಳಿದ್ದರು. ಅಜ್ಜಿ ಗಟ್ಟಿಮುಟ್ಟಾಗಿದ್ದಾಳೆ ಅಂದಿದ್ದೆ. ಆಮೇಲೆ ಎಲ್ಲದಕ್ಕೂ ಹಾಗೇ ಹೇಳಬೇಕಾಯಿತು. ಸ್ನಾನ ಒಬ್ಬರೇ ಮಾಡುತ್ತಾರಾ? ಹೂಂ. ಒಬ್ಬರೇ ಎದ್ದು ನಿಲ್ಲುತ್ತಾರಾ? ಹೂಂ. ಎಲ್ಲಿ, ನಿಂತು ತೋರಿಸಲಿ ಅಂದಳು. ನಾನು ಶಾಲು ಸರಿಮಾಡುವವಳ ಹಾಗೆ ಅಜ್ಜಿ ಕೂತಿದ್ದ ಸ್ಟೂಲಿನ ಹಿಂದೆ ಹೋಗಿ, ಶಾಲಿನ ಒಳಗಿಂದ ಅವಳ ಸೊಂಟಕ್ಕೆ ಕೈಕೊಟ್ಟು ಎತ್ತಿದೆ. ನಿಂತಳು. ಹಣೆಯಲ್ಲಿ ಬೆವರು. ಅತ್ತೆಯ ಮುಖ ನೋಡಿಯೇ, "ಎಲ್ಲಾ ನಾನೇ ಮಾಡ್ಕೋತೀನಮ್ಮ, ನನಗೆ ಯಾರೂ ಬೇಡ" ಅಂದಳು. ಅವಳ ಭಾರವೆಲ್ಲ ನನ್ನ ಒಂದು ಅಂಗೈ ಮೇಲಿತ್ತು. ಇನ್ನೂ ಇಳಿದಿಲ್ಲ.

ಇವರಿಗೂ ಅತ್ತೆಗೂ ಇವತ್ತು ಸಂಜೆ ಹೇಳುತ್ತೇನೆ. ಏನಾಗುತ್ತದೋ ಗೊತ್ತಿಲ್ಲ. ಕಚೇರಿಗೆ ಹೋಗಿ ಅದೆಲ್ಲ ಸುಳ್ಳು ಅಂತ ಬರೆದುಕೊಡುತ್ತೇನೆ. ಅವರು ಮತ್ತೆ ಅಜ್ಜಿಯನ್ನು ನೋಡಲು ಬರುವವರೆಗೆ ಅವಳ ಜೊತೆಯಲ್ಲೇ ಇರುತ್ತೇನೆ. ಗುರುವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತರ ಪ್ಯಾಸೆಂಜರ್.