ಚಾಲು ಅಲ್ಲ, ಚಾಲದು

ಚಿಂತಾಮಣಿ
ಶುಕ್ರವಾರ, ೧೬-೨-೨೦೨೪

ನನ್ನ ಮುದ್ದಿನ ಅಮ್ಮನಿಗೆ, ನಿನ್ನ ಅಮೃತಾಳ ನಮಸ್ಕಾರ.

ಗಂಟಲು ಕೂತುಹೋಗಿದೆಯಮ್ಮ, ಆದರೂ ಕುಣಿದಾಡುವಷ್ಟು ಖುಷಿ! ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ತಡೆದು ನೂರು ಪ್ರಶ್ನೆ ಹಾಕುತ್ತೀಯ. ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಏನು ಬೇಕಾದರೂ ಅನ್ನು.

ನಮ್ಮ ಶಾಲೆಯ ಮಕ್ಕಳ ಪಾಡು ನಿನಗೆ ಗೊತ್ತೇ ಇದೆ. ಮಳೆ ಕೈಕೊಟ್ಟು ಅವರ ಅಪ್ಪ ಅಮ್ಮಂದಿರಿಗೆ ಕೂಲಿಯೇ ಇಲ್ಲ. ಮಧ್ಯಾಹ್ನ ಬಿಸಿಯೂಟ ಸಿಗುತ್ತದೆ, ಸರಿ. ಆದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಬರುತ್ತಾರೆ. ಹೋದ ವಾರ ಪ್ರಾರ್ಥನೆಗೆ ನಿಂತಿದ್ದ ಮೌನಿಕಾ ನನ್ನ ಕಾಲ ಬಳಿಯೇ ಕುಸಿದಳು. ಏನು ತಿಂದೆಯಮ್ಮಾ ಎಂದರೆ, "ರಾತ್ರಿ ಟೀ ಕುಡ್ದೆ ಮಿಸ್" ಅಂದಳು. ನನಗೆ ಸಂಕಟ ತಡೆಯಲಾಗಲಿಲ್ಲ. ಮಾರನೆಯ ದಿನವೇ ಬೆಳಗಿನ ರಾಗಿ ಗಂಜಿ ಶುರು ಮಾಡಿದೆವು. ನಾವು ಟೀಚರುಗಳು ಮನೆಗಳಿಂದ ತಂದ ಹಿಟ್ಟು ಈ ವಾರಕ್ಕೇ ಮುಗಿಯುತ್ತಿತ್ತು. ದೇಣಿಗೆ ಸಿಗದಿದ್ದರೆ ಸೋಮವಾರದಿಂದ ಗಂಜಿ ಇಲ್ಲ.

ಹೆಡ್ ಮೇಷ್ಟ್ರು ಶರಣಪ್ಪನವರು ಬಾಗಲಕೋಟೆ ಕಡೆಯವರು. ಅವರೇ ಬ್ಯಾನರ್ ಬರೆಸಿಕೊಂಡು ಬಂದರು: 'ಹಸಿದ ಮಕ್ಕಳ ಬೆಳಗಿನ ಗಂಜಿಗೆ ದೇಣಿಗೆ ಚಾಲು.' ಅದನ್ನು ಇಲ್ಲಿನ ಟೊಮೆಟೊ ಮಂಡಿಯ ಬಾಗಿಲಿಗೆ ಕಟ್ಟಿ, ಡಬ್ಬ ಹಿಡಿದು ಇಬ್ಬರೂ ನಿಂತೆವು. ಜನ ಬರುತ್ತಾರೆ, ಓದುತ್ತಾರೆ, "ಒಳ್ಳೇದಾಯ್ತು ಬಿಡಿ" ಅಂತ ನಕ್ಕು ಹೋಗುತ್ತಾರೆ! ನಿನ್ನೆ ಇಡೀ ದಿನ ಇದೇ ಕಥೆ. ಈ ಮಂಡಿಯವರಿಗೆ ಕರುಳೇ ಇಲ್ಲವಾ ಎಂದು ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಇವತ್ತು ಬೆಳಿಗ್ಗೆ ಸೊಪ್ಪು ಮಾರುವ ಮುನಿಶಾಮಮ್ಮ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ಚಾಲು ಅಂತ ನೀವೇ ಬರ್ಸಿದೀರಲ್ಲಮ್ಮಾ, ಇನ್ನೂ ಡಬ್ಬ ಹಿಡ್ಕಂಡು ನಿಂತಿದೀರಾ? ನಾಚ್ಕೆ ಆಗಲ್ವಾ?"

ಅಯ್ಯೋ ದೇವರೇ! ಮೇಷ್ಟ್ರ ಊರಲ್ಲಿ ಚಾಲು ಅಂದರೆ ಶುರುವಾಗಿದೆ ಅಂತ. ಇಲ್ಲಿನ ತೆಲುಗು ಬಾಯಲ್ಲಿ ಚಾಲು ಅಂದರೆ ಸಾಕು! ಸಾಕು ಎಂದು ಬರೆದುಕೊಂಡೇ ಕೈಯೊಡ್ಡಿ ನಿಂತಿದ್ದೆವಮ್ಮ. ದಿನಾ ನಿನ್ನ ಮುಂದೆ "ಚಾಲು, ಚಾಲು" ಅಂತ ತಟ್ಟೆಗೆ ಕೈ ಅಡ್ಡ ಹಿಡಿದವಳು ನಾನು, ನನಗೂ ಹೊಳೆಯಲಿಲ್ಲ ನೋಡು. ಮೇಷ್ಟ್ರಂತೂ "ಎಂಥಾ ಕೆಲ್ಸ ಆತ್ರೀ" ಅಂತ ತಲೆ ಚಚ್ಚಿಕೊಂಡರು.

ಹರಾಜು ಕೂಗುವವರ ಮೈಕ್ ಇಸಕೊಂಡು ನಾನೇ ಕೂಗಿದೆ. "ಚಾಲದು! ಚಾಲದಂಡೀ! ಮಕ್ಕಳ ಹೊಟ್ಟೆಗೆ ಸಾಲದು!" ಇಡೀ ಮಂಡಿ ಬಿದ್ದು ಬಿದ್ದು ನಕ್ಕಿತು. ಆದರೂ ಯಾರೂ ಜೇಬಿಗೆ ಕೈ ಹಾಕಲಿಲ್ಲ. ಬೋಣಿ ಆಗಲಿ, ಆಮೇಲೆ ಕೊಡೋಣ ಎನ್ನುತ್ತಾರೆ. ಯಾರಾದರೂ ಮೊದಲು ಕೈ ಬಿಚ್ಚಬೇಕಲ್ಲ! ಆಗ ಮತ್ತೆ ಕೂಗಿದೆ. "ಬೋಣಿ ಆಯ್ತು! ಗೌರಿಬಿದನೂರಿನ ಒಬ್ಬ ತಾಯಿ ಎರಡು ಮೂಟೆ ರಾಗಿ ಕೊಟ್ಟಿದಾರೆ!"

ಅಷ್ಟೇ ಅಮ್ಮ, ನೂಕುನುಗ್ಗಲು! ಮುನಿಶಾಮಮ್ಮ ಸೆರಗಿನ ಗಂಟು ಬಿಚ್ಚಿದಳು. ಹಮಾಲರು ಸಾಲು ನಿಂತರು. ಅಲೀಪುರದ ವ್ಯಾಪಾರಿಯೊಬ್ಬರು, ಪರೀಕ್ಷೆ ಮುಗಿಯೋವರೆಗೂ ಬೆಲ್ಲ ನಂದು ಅಂದರು. ಡಬ್ಬ ತುಂಬಿ ಮೇಷ್ಟ್ರ ಟವೆಲ್ಲೂ ತುಂಬಿತು. ಬೇಸಿಗೆ ರಜೆವರೆಗೂ ಗಂಜಿ ನಿಲ್ಲುವುದಿಲ್ಲ. ಶಾಲೆಗೆ ಬಂದು ಹೇಳಿದರೆ ಮೌನಿಕಾ ಕೇಳಿದ್ದು ಒಂದೇ ಮಾತು. "ನಮ್ ತಮ್ಮನ್ನೂ ಕರ್ಕೊಂಡ್ ಬರ್ಲಾ ಮಿಸ್?" ಅತ್ತೇಬಿಟ್ಟೆನಮ್ಮ.

ಧ್ವನಿ ಹೋದರೂ ಮಾತು ನಿಲ್ಲದ ನಿನ್ನ ಮಗಳು,
ಅಮೃತ

ಇನ್ನೊಂದು ಮಾತು: ಆ ಗೌರಿಬಿದನೂರಿನ ತಾಯಿ ನೀನೇ ಕಣಮ್ಮ. ಅಣ್ಣನ ಗೃಹಪ್ರವೇಶಕ್ಕೆಂದು ಅಟ್ಟದ ಮೇಲೆ ಇಟ್ಟಿದ್ದೀಯಲ್ಲ, ಅದೇ ಎರಡು ಮೂಟೆ. ಕೇಳದೇ ಕೊಟ್ಟುಬಿಟ್ಟೆ. ಈ ಕಾಗದ ತಂದ ಕೋನಪ್ಪನ ಟೆಂಪೋ ನಿನ್ನ ಬಾಗಿಲಲ್ಲಿ ಖಾಲಿ ನಿಂತಿದೆ. ಬೈಯಬೇಕು ಅನ್ನಿಸಿದರೆ ಮೂಟೆಗಳ ಜೊತೆ ನೀನೂ ಹತ್ತಿಕೊಂಡು ಬಾ. ಸೋಮವಾರ ಬೆಳಿಗ್ಗೆ, ಗಂಜಿ ಕುಡಿಯುತ್ತಾ ಕೂತ ಮಕ್ಕಳ ಮುಂದೆಯೇ ನಿಂತು ಬೈ.