ತಿಕ್ಕಿ ತಿಕ್ಕಿ ಅಳಿಸಿದ ಇಸವಿ

ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ

ಅಣ್ಣನಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಹೊಡೆದುಹಾಕಿದ್ದು ನಿನಗೆ ಕಾಣಲಿ ಎಂದೇ ಹಾಳೆ ಬದಲಾಯಿಸಲಿಲ್ಲ.

‘ಹೋದವನು ದಿಕ್ಕಾದ, ಉಳಿದವಳು ದೀಪವಾದಳು.’ ಚಿಕ್ಕಪ್ಪನ ಫೋಟೋದ ಕೆಳಗೆ ಅಪ್ಪ ಬರೆದು ಕಟ್ಟುಹಾಕಿಸಿದ್ದ ಸಾಲು ಇದೇ ಅಲ್ಲವೇ? ‘ದೀಪ ಹಚ್ಚಿದಳು’ ಎಂದಿತ್ತೋ ಏನೋ. ಗಾಜಿನೊಳಗೆ ತೇವ ಇಳಿದು ಕೊನೆಯ ಪದ ಬರೀ ಮಸಿಯ ಕಲೆಯಾಗಿದೆ, ನನಗೂ ಅರ್ಧವೇ ನೆನಪು. ಚಿಕ್ಕಂದಿನಲ್ಲಿ ಅದನ್ನು ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ಓದಿ ತೋರಿಸುತ್ತಿದ್ದೆ. ಎಂ.ಎ. ಮಾಡಿ, ಇಷ್ಟು ವರ್ಷ ಕವಿತೆಯ ಜೊತೆಗೇ ಬದುಕಿದ ಮೇಲೆ ಇವತ್ತು ಒಂದೇ ಪ್ರಶ್ನೆ ಕೇಳಬೇಕೆನಿಸುತ್ತಿದೆ. ನೀನು ದೀಪವಾಗು ಎಂದು ಅವಳಿಗೆ ಹೇಳಿದವರು ಯಾರು?

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ. ಫೋನನ್ನು ನೀನು ಮಾತಿನ ನಡುವೆಯೇ ಇಟ್ಟುಬಿಡುತ್ತೀಯ. ಕಾಗದವನ್ನು ಹರಿಯಬೇಕಾದರೂ ಒಮ್ಮೆ ಕೈಯಲ್ಲಿ ಹಿಡಿಯಲೇಬೇಕು.

ಚಿಕ್ಕಪ್ಪ ಯುದ್ಧಕ್ಕೆ ಹೋದಾಗ ಚಿಕ್ಕಮ್ಮನಿಗೆ ಇಪ್ಪತ್ತು. ಮದುವೆಯಾಗಿ ಏಳು ತಿಂಗಳು. ಸತ್ತರೆಂದು ತಂತಿ ಬಂತು, ಹೆಣ ಬರಲಿಲ್ಲ. ಅದಾಗಿ ನಾಲ್ಕು ವರ್ಷಕ್ಕೆ, ನಾನು ಹುಟ್ಟಿದ ವರ್ಷ, ಅಪ್ಪ ಒಂದು ಹಿತ್ತಾಳೆಯ ದಿಕ್ಸೂಚಿ ತಂದು ಅವಳ ಕೈಗಿಟ್ಟು, ಕೊನೇ ಘಳಿಗೆಯಲ್ಲಿ ಅವನ ಜೇಬಿನಲ್ಲಿತ್ತಂತೆ, ಸೈನ್ಯದವರು ಈಗ ಕಳಿಸಿದ್ದಾರೆ ಎಂದರು. ಅಂದಿನಿಂದ ಅವಳು ವಾರಕ್ಕೊಮ್ಮೆ ಅದನ್ನು ಬೂದಿ ಹಾಕಿ ತಿಕ್ಕಿದಳು. ನಲವತ್ತೆಂಟು ವರ್ಷ. ಅಪ್ಪನ ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಕಾಜಾ ಹಾಕಿ ಬೆರಳ ತುದಿ ತೂತಾಗಿದ್ದರೂ ವಾರ ತಪ್ಪಿಸಲಿಲ್ಲ.

ಈಗ ನೀನು ಅದನ್ನು ಚಿಕ್ಕಪ್ಪನ ಪಡೆಯ ಸಂಗ್ರಹಾಲಯಕ್ಕೆ ಕೊಡಲು ಹೊರಟಿದ್ದೀಯ. ಬುಧವಾರ ಸಮಾರಂಭ, ಗಾಜಿನ ಪೆಟ್ಟಿಗೆ, ನಿನ್ನ ಭಾಷಣ. ಅವರ ಅರ್ಜಿಯಲ್ಲಿ ತಯಾರಾದ ಇಸವಿ ಬರೆಯಲು ಒಂದು ಖಾನೆ ಇತ್ತು. ಯಾವುದಾದರೊಂದು ಇಸವಿ ಗೀಚಿ ಕಳಿಸು, ಯಾರು ನೋಡುತ್ತಾರೆ ಎಂದೆ ನೀನು. ನನಗೆ ಹಾಗೆ ಗೀಚಲು ಬರುವುದಿಲ್ಲ. ತಿರುಗಿಸಿ ನೋಡಿದರೆ ಹಿಂಬದಿ ಕನ್ನಡಿಯ ಹಾಗೆ ನುಣ್ಣಗಿತ್ತು. ಕೆತ್ತಿದ ಅಂಕಿಗಳೆಲ್ಲ ಚಿಕ್ಕಮ್ಮನ ಬೂದಿಯಲ್ಲಿ ಸವೆದು ಹೋಗಿದ್ದವು. ಹಾಗಾಗಿ ಅದನ್ನು ರಿಪೇರಿಯವರ ಹತ್ತಿರ ಒಯ್ದೆ.

ಅವರು ಮೂವತ್ತು ವರ್ಷ ಸೈನ್ಯದ ಕಾರ್ಯಾಗಾರದಲ್ಲಿ ಇಂಥವನ್ನೇ ಬಿಚ್ಚಿ ಜೋಡಿಸಿದವರು. ಈಗ ಹಳೆಯ ಅಂಚೆ ಕಚೇರಿಯ ಮೆಟ್ಟಿಲ ಕೆಳಗೆ ಗಡಿಯಾರ, ದುರ್ಬೀನು, ಸರ್ವೇಯವರ ಸಲಕರಣೆ ಸರಿಮಾಡುತ್ತಾರೆ. ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಸಾಲಾಗಿ ಬಟ್ಟಲುಗಳು, ಒಂದೊಂದರಲ್ಲಿ ಒಂದೊಂದು ಅಳತೆಯ ತಿರುಪು. ಮುಚ್ಚಳದ ಸೀಳು, ಹೆಬ್ಬೆರಳು ತೂರಿಸುವ ಬಳೆ, ಓದುವ ಗಾಜಿನ ಚೌಕಟ್ಟು, ಎಲ್ಲ ನೋಡಿ ಇದು ಸೈನ್ಯದ್ದೇ, ಅನುಮಾನವಿಲ್ಲ, ಯುದ್ಧಕ್ಕೆ ಹತ್ತು ವರ್ಷ ಮುಂಚಿನ ಮಾಲು ಎಂದರು. ಹೊರಗೆ ಗುರುತನ್ನೇ ಉಳಿಸಿಲ್ಲವಲ್ಲ, ಯಾರು ಮೇಡಂ ಇದರ ಮೇಲೆ ಇಷ್ಟು ಸಿಟ್ಟು ತೀರಿಸಿಕೊಂಡವರು ಎಂದು ನಕ್ಕರು. ಸಿಟ್ಟಲ್ಲ, ಪ್ರೀತಿ ಎಂದೆ. ಎರಡೂ ಹಿತ್ತಾಳೆಗೆ ಒಂದೇ ಎಂದು ತಿರುಪು ಬಿಚ್ಚಿದರು.

ಮುಳ್ಳಿನ ತಟ್ಟೆ ಎತ್ತಿ ಒಳಗೆ ಬಗ್ಗಿ ನೋಡಿದರು. ಕಣ್ಣಿಗೆ ಕಚ್ಚಿಸಿಕೊಂಡಿದ್ದ ಗಾಜು ತೆಗೆದು ನನ್ನ ಕೈಗೆ ಕೊಟ್ಟರು. ಒಳಗಿನ ಗೋಡೆಯ ಮೇಲೆ ಸೂಜಿಯಲ್ಲಿ ಗೀರಿದ ಅಕ್ಷರಗಳಿದ್ದವು. ಯಾವ ವಸ್ತು ಬಿಚ್ಚಿದರೂ ಒಳಗೆ ತಾರೀಖು, ಗಿರಾಕಿಯ ಹೆಸರು, ಅಂಗಡಿಯ ಗುರುತು ಗೀರುವುದು ಆ ಕಸುಬಿನವರ ರೂಢಿಯಂತೆ, ನಾಳೆ ತಕರಾರು ಬಂದರೆ ಇರಲಿ ಎಂದು. ಸೈನ್ಯದವರಾದರೆ ಗೀರುವುದಿಲ್ಲ, ಅಚ್ಚು ಒತ್ತುತ್ತಾರೆ. ಇದು ಬಂದರಿನ ಊರಿನ ಒಂದು ಅಂಗಡಿಯ ಗುರುತು. ತಾವು ಕೆಲಸ ಕಲಿತದ್ದು ಅದೇ ಬೀದಿಯಲ್ಲಿ ಎಂದರು. ಹೆಸರು ಚಿಕ್ಕಪ್ಪನದು, ಮನೆತನದ ಹೆಸರಿನ ಸಮೇತ. ತಾರೀಖು ನಾನು ಹುಟ್ಟುವ ಎರಡು ತಿಂಗಳು ಮುಂಚಿನದು.

ಸತ್ತದ್ದು ಯಾವಾಗ ಎಂದು ಕೇಳಿದರು. ಹೇಳಿದೆ. ಅವರು ಗಾಜನ್ನು ಬಟ್ಟೆಯಲ್ಲಿ ಒರೆಸುತ್ತಾ ಅಂದದ್ದು ಇಷ್ಟು:

“ಸತ್ತು ನಾಲ್ಕು ವರ್ಷ ಆದಮೇಲೆ ಬಂದು ಮುಳ್ಳು ಸರಿ ಮಾಡಿಸ್ಕೊಂಡು ಹೋಗಿದಾರೆ ಮೇಡಂ. ಜವಾಬ್ದಾರಿ ಮನುಷ್ಯ.”

ಅಲ್ಲಿಂದಲೇ, ಆ ಮೆಟ್ಟಿಲ ಕೆಳಗೆ ನಿಂತೇ ನಿನಗೆ ಫೋನು ಮಾಡಿದ್ದು. ನೀನು ಬೆಚ್ಚಿಬೀಳುತ್ತೀಯ, ಏನೇ ಇದು ಎಂದು ಕೂಗುತ್ತೀಯ ಎಂದುಕೊಂಡಿದ್ದೆ. ನೀನು ಉಸಿರು ಬಿಟ್ಟೆ. ಯಾವತ್ತೋ ಬರಬೇಕಿದ್ದ ಫೋನು ಕೊನೆಗೂ ಬಂತು ಎನ್ನುವಂಥ ಉಸಿರು. ನಿನಗೆ ಮೊದಲೇ ಗೊತ್ತಿತ್ತೆಂದು ಆಗಲೇ ನನಗೆ ತಿಳಿಯಿತು, ಉಳಿದದ್ದನ್ನು ನೀನು ಹೇಳುವ ಮುಂಚೆಯೇ.

ಅಪ್ಪ ಸಾಯುವ ಮುಂಚೆ ನಿನಗೆ ಹೇಳಿದ್ದರು. ಹನ್ನೊಂದು ವರ್ಷವಾಯಿತು. ಚಿಕ್ಕಪ್ಪ ಗಾಯವಾಗಿ ಸೆರೆಸಿಕ್ಕಿದ್ದರು. ಬಿಡುಗಡೆಯಾದ ಮೇಲೆ ಪಡೆಗೆ ಹಿಂತಿರುಗದೆ ಬಂದರಿನಲ್ಲಿ ಹೊರೆ ಹೊರುತ್ತಿದ್ದರು. ಊರಿಗೆ ಬಂದರೆ ಓಡಿಹೋದವನೆಂದು ಹಿಡಿದು ಒಳಗೆ ಹಾಕುತ್ತಾರೆ, ನಾನು ಸತ್ತವನಾಗಿಯೇ ಇರುತ್ತೇನೆ, ಅವಳನ್ನು ಇಲ್ಲಿಗೆ ಕಳಿಸಿಕೊಡು ಎಂದು ಅಪ್ಪನಿಗೆ ಬರೆದರು. ಬರೀ ಮಾತಿನಲ್ಲಿ ಹೇಳಿದರೆ ಅವಳು ನಂಬಲಿಕ್ಕಿಲ್ಲ, ಇದನ್ನು ಅವಳ ಕೈಗೆ ಕೊಡು, ನಾನು ಕರೆಯುತ್ತಿದ್ದೇನೆಂದು ಗೊತ್ತಾಗುತ್ತದೆ ಎಂದು ದಿಕ್ಸೂಚಿಯನ್ನು ಜೊತೆಗಿಟ್ಟರು.

ಅಪ್ಪ ಕಾಗದವನ್ನು ಸುಟ್ಟರು, ದಿಕ್ಸೂಚಿಯನ್ನು ಕೊಟ್ಟರು. ಬದುಕಿದ್ದೇನೆ, ಬಾ ಎಂದು ಬಂದದ್ದನ್ನು ಸತ್ತದ್ದಕ್ಕೆ ಸಾಕ್ಷಿ ಮಾಡಿ ಅವಳ ಅಂಗೈಯಲ್ಲಿಟ್ಟರು. ನನಗೆ ಇದನ್ನು ದಾಟಿ ಮುಂದಕ್ಕೆ ಹೋಗಲು ಆಗುತ್ತಿಲ್ಲ, ಅಣ್ಣ. ಅದನ್ನು ಎಸೆದಿದ್ದರೂ ಒಂದು ರೀತಿ ಒಪ್ಪಬಹುದಿತ್ತು. ಆಮೇಲೆ ಕೂತು ಒಂದು ಸಾಲು ಕವಿತೆಯನ್ನೂ ಬರೆದರಲ್ಲ.

ಅಪ್ಪನ ಕಷ್ಟ ನಿನಗೆ ಗೊತ್ತಿಲ್ಲ ಎಂದೆ ನೀನು. ಓಡಿಹೋದವನ ಮನೆ ಅನ್ನಿಸಿಕೊಂಡಿದ್ದರೆ ಅಂಗಡಿಗೆ ಯಾರು ಬಟ್ಟೆ ತರುತ್ತಿದ್ದರು ಎಂದೆ. ಮುದುಕಿ ನೆಮ್ಮದಿಯಾಗಿದ್ದಾಳೆ, ಈಗ್ಯಾಕೆ ಕೆದಕುತ್ತೀಯ ಎಂದೆ. ನೆಮ್ಮದಿ ಎನ್ನುವ ಮಾತು ನಿನ್ನ ಬಾಯಿಗೆ ಎಷ್ಟು ಸಲೀಸಾಗಿ ಬಂತು! ವರ್ಷಕ್ಕೆರಡು ಸಲ ಬಂದು, ಅವಳು ಇಸ್ತ್ರಿ ಮಾಡಿಟ್ಟ ಅಂಗಿ ತೊಟ್ಟು, ಅವಳ ಕಾಲಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದವನು ನೀನು. ಹನ್ನೊಂದು ವರ್ಷ ಆ ಕಾಲು ಮುಟ್ಟುವಾಗ ನಿನ್ನ ಕೈಗೆ ಏನೂ ಅನ್ನಿಸಲಿಲ್ಲವೇ?

ಕೊನೆಗೆ ನೀನು ಇನ್ನೊಂದು ಮಾತು ಹೇಳಿ ಫೋನಿಟ್ಟೆ. ಬರೆಯದೆ ಬಿಡೋಣವೆಂದು ಇಷ್ಟು ದೂರ ಬಂದೆ, ಬಿಡಲಾಗಲಿಲ್ಲ. “ಅಮ್ಮ ಹಾಸಿಗೆ ಹಿಡಿದಿದ್ಲು. ಚಿಕ್ಕಮ್ಮನ್ನ ಕಳಿಸಿದ್ರೆ ನಿನ್ನನ್ನ ಎತ್ಕೊಳ್ಳೋರು ಯಾರಿದ್ರೇ?”

ಅದು ನಿಜ, ಅದಕ್ಕೇ ಇಷ್ಟು ಉರಿಯುತ್ತಿದೆ. ನನಗೆ ಹಾಲು ಕುಡಿಸಿದ ಕೈ, ಜಡೆ ಹಾಕಿದ ಕೈ, ಎಂ.ಎ.ಗೆ ಕಳಿಸಲು ನಿನ್ನೆದುರೂ ಅಪ್ಪನೆದುರೂ ವಾದಿಸಿದ ಬಾಯಿ, ಎಲ್ಲ ಬೇರೊಬ್ಬರಿಗೆ ಹೋಗಬೇಕಿದ್ದುದನ್ನು ತಡೆದು ನನಗೆ ಕೊಡಿಸಿದ್ದು. ಕದ್ದದ್ದು ಅಪ್ಪ, ಬಚ್ಚಿಟ್ಟದ್ದು ನೀನು, ತಿಂದು ಬೆಳೆದವಳು ನಾನು. ಆದರೆ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ಈ ಒಂದು ವ್ಯತ್ಯಾಸವನ್ನು ನಾನು ಸಾಯುವವರೆಗೂ ಬಿಟ್ಟುಕೊಡುವುದಿಲ್ಲ.

ಚಿಕ್ಕಮ್ಮನಿಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಅದು ನಿನ್ನ ಕೆಲಸ. ಈ ಕಾಗದವನ್ನು ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ, ನಾಳೆಯೊಳಗೆ ಸಿಗುತ್ತದೆ; ಭಾನುವಾರ ಬಾ. ಅವಳ ಎದುರು ನೆಲದ ಮೇಲೆ ಕೂತು, ಅಪ್ಪ ನಿನಗೆ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳು. ಚಿಕ್ಕಪ್ಪ ಆಮೇಲೆ ಏನಾದರೋ ನಿನಗೂ ಗೊತ್ತಿಲ್ಲವೆಂದೆಯಲ್ಲ, ಅದನ್ನೂ ಹೇಳು. ಸಂಗ್ರಹಾಲಯಕ್ಕೆ ನಾನು ನಿನ್ನೆಯೇ ಬರೆದಿದ್ದೇನೆ. ಅರ್ಜಿಯ ಇಸವಿಯ ಖಾನೆಯಲ್ಲಿ ಒಳಗೆ ಗೀರಿದ್ದ ತಾರೀಖನ್ನೇ ಹಾಕಿ, ‘ವಸ್ತು ಕೊಡುವ ಹಕ್ಕು ನಮಗಿಲ್ಲ, ವಾರಸುದಾರರು ಇದ್ದಾರೆ’ ಎಂದು ಷರಾ ಬರೆದಿದ್ದೇನೆ. ಭಾಷಣ ಬೇಕಾದರೆ ಕನ್ನಡಿಯ ಮುಂದೆ ಮಾಡಿಕೋ.

ಇಂತಿ,
ಅವಳ ಮಡಿಲಲ್ಲಿ ಬೆಳೆದ
ನಿನ್ನ ತಂಗಿ

ಮತ್ತೆ: ಶನಿವಾರ, ಬೆಳಿಗ್ಗೆ ಏಳೂವರೆ. ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಮೇಲೆ ಬರೆದದ್ದರಲ್ಲಿ ಒಂದು ಈಗ ಸುಳ್ಳಾಗಿದೆ. ನಿನ್ನೆ ಮಧ್ಯಾಹ್ನ ನಾನೇ ಹೇಳಿಬಿಟ್ಟೆ. ನನ್ನ ರವಿಕೆಗೆ ಗುಂಡಿ ಹೊಲಿಯುತ್ತಾ ಕೂತಿದ್ದಳು, ಅವಳ ಮುಖ ನೋಡಿಕೊಂಡು ಭಾನುವಾರದವರೆಗೆ ಇರುವುದು ನನ್ನಿಂದಾಗಲಿಲ್ಲ. ಅವಳು ಅಳಲಿಲ್ಲ. ಯಾವ ಊರು ಎಂದು ಕೇಳಿದಳು. ಮುಳ್ಳು ಸರಿ ಮಾಡಿಸಿದ್ದು ಅವರೇನಾ ಎಂದು ಎರಡು ಸಲ ಕೇಳಿದಳು. ನಾನು ಕ್ಷಮಿಸು ಎಂದದ್ದಕ್ಕೆ, “ನೀನಾಗ ಕೂಸು. ನಿನ್ನ ಹತ್ರ ಏನು ಕೇಳ್ಲಿ?” ಎಂದು ದಾರವನ್ನು ಹಲ್ಲಿನಲ್ಲಿ ಕಡಿದಳು. ನಿನ್ನ ಹೆಸರಾಗಲಿ ಅಪ್ಪನ ಹೆಸರಾಗಲಿ ಎತ್ತಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಮಡಿಸಿಟ್ಟಿತ್ತು, ಕೋಣೆ ಖಾಲಿ. ಚಪ್ಪಲಿ ಮೆಟ್ಟಿಕೊಂಡು ಹುಡುಕಲು ಹೊರಡುತ್ತಿದ್ದಾಗ, ರಾತ್ರಿ ಪಾಳಿ ಮುಗಿಸಿ ಬಂದ ಎದುರು ಮನೆಯ ನರ್ಸಮ್ಮ ಬಾಗಿಲಲ್ಲೇ ಸಿಕ್ಕಿ ಹೇಳಿದರು: “ನಿಮ್ಮ ಚಿಕ್ಕಮ್ಮ ಬಂದರಿನ ಕಡೆ ಹೋಗೋ ಮೊದಲನೇ ಬಸ್ಸು ಹತ್ತಿದ್ರು ಕಣ್ರೀ. ಒಬ್ರೇ ಎಲ್ಲಿಗೆ ಅಂದೆ. ‘ಕರೆದಿದಾರೆ, ಆಗ್ಲೇ ತಡ ಆಯ್ತು’ ಅಂದ್ರು.”