ಆಟ ಮುಗಿಯುವ ಮುನ್ನ ಎದ್ದವರು

ಹೂಲಿ, ತಾಲೂಕು ಸವದತ್ತಿ
ಮಂಗಳವಾರ, ೨೧ ಅಕ್ಟೋಬರ್ ೨೦೦೮

ಪ್ರೀತಿಯ ಮಗ ಜಹೀರನಿಗೆ ನಿನ್ನ ಅಪ್ಪ ಹಜರತಸಾಬನ ದುವಾ.

ಲಾರಿಯ ಸೀಟಿನಲ್ಲಿ ಕುಳಿತು ಹಿಡಿದುಕೊಂಡ ನಿನ್ನ ಸೊಂಟ ಈಗ ಹೇಗಿದೆ? ನಿನ್ನ ತಾಯಿ ಜುಬೇದಾಬಿ ಕೊಟ್ಟ ಎಣ್ಣೆ ಹಚ್ಚುತ್ತೀಯೋ, ಇಲ್ಲ ಡಬ್ಬಿ ಸೀಟಿನ ಕೆಳಗೆ ಉರುಳಾಡುತ್ತಿದೆಯೋ? ನಾವು ಆರಾಮ. ಎರೆ ಹೊಲಗಳಲ್ಲಿ ಜೋಳದ ಬಿತ್ತಿಗೆ ಮುಗಿದಿದೆ. ಭಾನುವಾರ ಸಂಜೆಯಿಂದ ನಿನ್ನ ಮೊಬೈಲ್ ಹತ್ತುತ್ತಿಲ್ಲ, ಅದಕ್ಕೆ ನಾಗಪುರದ ಟ್ರಾನ್ಸ್‌ಪೋರ್ಟ್ ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ನಮ್ಮ ಕಟ್ಟೆಯ ದುಂಡಪ್ಪ ಅವತ್ತು ಫೋನಿನಲ್ಲಿ ನಿನಗೆ ಹೇಳಿದ ಸುದ್ದಿ ನಿಜವಲ್ಲ. ಬೇಕಂತ ಹೇಳಿದ್ದಲ್ಲ, ನಾವೆಲ್ಲರೂ ಹಾಗೇ ನಂಬಿದ್ದೆವು.

ನಿಜವನ್ನು ಮೊದಲು ಹೇಳಿದವನು ಸವದತ್ತಿಯಲ್ಲಿ ಇಂಟರ್ನೆಟ್ ಅಂಗಡಿ ಇಟ್ಟಿರುವ ವಿರೂಪಾಕ್ಷ. ಭಾನುವಾರ ಹೊತ್ತು ಮುಳುಗುವಾಗ ಬೈಕ್ ಹತ್ತಿ ಬಂದು, ನಮ್ಮ ಹಳೆಯ ಗುಡಿಯ ಕಟ್ಟೆಯ ಮೇಲೆ ಹೇಳಿದ. ಆದರೆ ಕಥೆಯನ್ನು ತುದಿಯಿಂದ ಹೇಳಿದರೆ ನನಗೇ ಸಮಾಧಾನ ಆಗುವುದಿಲ್ಲ, ಬುಡದಿಂದ ಹೇಳುತ್ತೇನೆ, ಕೇಳು.

ಈ ರಂಜಾನ್ ಹಬ್ಬದ ದಿನ ನೀನು ಎಲ್ಲರೆದುರು ಮಗಳಿಗೆ ಮಾತು ಕೊಟ್ಟೆ. "ನೀ ಮಾಡಿದ ಪ್ರೋಗ್ರಾಮು ಒಂದರೆ ಪಂದ್ಯ ಗೆದ್ದು ತೋರಸಲಿ, ಮುಂದ ಓದಸ್ತೇನಿ. ಇಲ್ಲಂದ್ರ ಈ ಪರೀಕ್ಷೆ ಮುಗಿಸಿ ಮನಿಗೆ ಬಾ" ಅಂದೆ. ಗುಲಫಶಾ ವಾದ ಮಾಡಲಿಲ್ಲ. ಬಟ್ಟಲಿನಲ್ಲಿದ್ದ ಶೀರಖುರ್ಮಾ ಪಾಯಸ ಮುಗಿಸಿ, ಹುಬ್ಬಳ್ಳಿಯ ಹಾಸ್ಟೆಲಿಗೆ ಬಸ್ ಹತ್ತಿದಳು. ಅಂಥದೊಂದು ಪಂದ್ಯ ಈ ಭಾನುವಾರ ಮಧ್ಯಾಹ್ನ ಇತ್ತು.

ಆಟದ ಹೆಸರು ಗೋ. ಗೆರೆ ಕೂಡುವಲ್ಲಿ ಒಬ್ಬರು ಕರಿ ಕಲ್ಲು, ಒಬ್ಬರು ಬಿಳಿ ಕಲ್ಲು ಇಡುತ್ತಾ ಹೋಗಬೇಕು. ಇಟ್ಟ ಕಲ್ಲು ಸರಿಸುವಂತಿಲ್ಲ. ಸುತ್ತುವರಿದರೆ ಎದುರಿನವರ ಕಲ್ಲು ಸಾಯುತ್ತದೆ, ಕೊನೆಗೆ ಯಾರು ಹೆಚ್ಚು ಮನೆ, ಅಂದರೆ ಜಾಗ, ಸುತ್ತುವರಿದುಕೊಂಡಿದ್ದಾರೋ ಅವರದು ಗೆಲುವು. ನಮ್ಮ ಕಟ್ಟೆಯ ಮೇಲೆ ಕೊರೆದಿರುವ ಹುಲಿ-ಕುರಿ ಆಟದಲ್ಲಿ ಕುರಿಗಳು ಹುಲಿಯನ್ನು ಸುತ್ತುವುದಿಲ್ಲವೇ, ಅದರ ದೂರದ ನೆಂಟ ಅನ್ನು. ಅದಕ್ಕೇ ನಿನ್ನ ಮಗಳು ತನ್ನ ಪ್ರೋಗ್ರಾಮಿಗೆ 'ಹಿಂಡು' ಎಂದು ಹೆಸರಿಟ್ಟಿದ್ದಾಳೆ. ಈ ಪಂದ್ಯದಲ್ಲಿ ಮನುಷ್ಯರು ಆಡುವುದಿಲ್ಲ, ಪ್ರೋಗ್ರಾಮಿಗೆ ಪ್ರೋಗ್ರಾಮೇ ಎದುರಾಳಿ. ಅವಳು ಹುಬ್ಬಳ್ಳಿಯ ಕಾಲೇಜಿನಲ್ಲಿ, ಎದುರಿನವರು ಯಾವುದೋ ದೇಶದಲ್ಲಿ, ನಾನು, ನಿನ್ನ ತಾಯಿ, ದುಂಡಪ್ಪ ಮತ್ತು ಕಟ್ಟೆಯ ಇನ್ನೂ ನಾಲ್ಕು ಜನ ವಿರೂಪಾಕ್ಷನ ಅಂಗಡಿಯಲ್ಲಿ ಒಂದೇ ಪರದೆಗೆ ಕಣ್ಣಿಟ್ಟು ಕುಳಿತಿದ್ದೆವು.

ಏನು ಚಂದ ಆಡಿತು ಗೊತ್ತೇ! ಹಿಂಡಿನದು ಬಿಳಿ ಕಲ್ಲು. ಎದುರಿನದು ಮೂಲೆಯಲ್ಲಿ ಬಲೆ ಹಾಕಿದರೆ ಇದು ಅತ್ತ ನೋಡದೆ ನಡುವೆ ಒಂದು ಕಲ್ಲಿಡುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಕಲ್ಲೇ ಬಲೆಗೆ ಕತ್ತರಿಯಾಗುತ್ತಿತ್ತು. ದುಂಡಪ್ಪನಂಥ ದುಂಡಪ್ಪ, ಕಟ್ಟೆಯ ಮೇಲೆ ಯಾರನ್ನೂ ಹೊಗಳದವನು, "ಇದಕ್ಕ ಯಾರ ಕಲಿಸ್ಯಾರೋ ಮಾರಾಯ" ಅಂದ. ನಿನ್ನ ತಾಯಿ ಸೆರಗು ಸರಿಮಾಡಿಕೊಂಡು, "ನಮ್ಮ ಗುಲಫಶಾ" ಅಂದಳು, ಯಾರಿಗೂ ಗೊತ್ತೇ ಇಲ್ಲವೆನ್ನುವ ಹಾಗೆ.

ಆಮೇಲೆ ಅದಕ್ಕೆ ಏನೋ ಆಯಿತು. ಉಳಿಸಿಕೊಳ್ಳಬಹುದಾದ ಕಲ್ಲನ್ನು ಸಾಯಲು ಬಿಟ್ಟಿತು. ಇನ್ನೊಂದನ್ನೂ ಬಿಟ್ಟಿತು. ತನ್ನದೇ ಅಂಗಳದಲ್ಲಿ ಕೆಲಸಕ್ಕೆ ಬಾರದ ಕಲ್ಲಿಟ್ಟಿತು. ಹೂಲಿಯ ಕಟ್ಟೆಯ ರಿವಾಜು ನಿನಗೆ ಗೊತ್ತೇ ಇದೆ. ಆಡುವವನು ಉಳಿಸಬಹುದಾದ ಕುರಿಯನ್ನು ಉಳಿಸದೆ ಬಿಟ್ಟನೆಂದರೆ ಕೈ ಚೆಲ್ಲಿದ್ದಾನೆ ಎಂದು ತಿಳಿದು, ನೋಡುವವರೆಲ್ಲ ಸದ್ದಿಲ್ಲದೆ ಎದ್ದು ಹೋಗುತ್ತೇವೆ. ಸೋಲುವವನ ಮುಖ ನೋಡಬಾರದು ಎನ್ನುವ ಮರ್ಯಾದೆ ಅದು. ದುಂಡಪ್ಪ ನನ್ನ ಭುಜ ಮುಟ್ಟಿ, "ಏಳ್ರಿ ಹಜರತಣ್ಣ, ಹುಡುಗಿ ಸೋಲೂದು ನಾವ್ಯಾಕ ನೋಡೂಣು" ಅಂದ. ಎಲ್ಲರೂ ಎದ್ದೆವು. ನಿನ್ನ ತಾಯಿ ಮಾತ್ರ ಬಾಗಿಲವರೆಗೂ ತಿರುತಿರುಗಿ ನೋಡುತ್ತಲೇ ಬಂದಳು. ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಫೋನ್ ಬಂತು, ದುಂಡಪ್ಪ ಎತ್ತಿಕೊಂಡು ಸೋತಿತೆಂದ. ನೀನು, "ಹಂಗಾರ ಮುಗೀತು ಬಿಡ್ರಿ ಕಾಕಾ, ಟ್ರಂಕ್ ಕಟ್ಟಾಕ ಹೇಳ್ರಿ" ಅಂದೆಯಂತೆ. ಬಂದ ಬಸ್ ಹತ್ತಿ ಹೂಲಿಗೆ ಮರಳಿದೆವು.

ವಿರೂಪಾಕ್ಷ ಬಂದು ಹೇಳಿದ್ದು ಇಷ್ಟು: "ನೀವು ಎದ್ದ ಮ್ಯಾಲ ಹಿಂಡು ಗೆದ್ದತ್ರಿ ಕಾಕಾ. ಅರ್ಧ ಮನಿಲೆ."

ಅರ್ಧ ಹೇಗೆಂದರೆ, ಮೊದಲು ಆಡುವವರಿಗೆ ಅನುಕೂಲ ಹೆಚ್ಚೆಂದು ಎರಡನೆಯವರಿಗೆ, ಅಂದರೆ ಬಿಳಿಯವರಿಗೆ, ಏಳೂವರೆ ಮನೆ ಮೊದಲೇ ಕೊಟ್ಟಿರುತ್ತಾರೆ, ಆ ಅರ್ಧ ಆಟ ಸಮ ಆಗಬಾರದೆಂದು. ಗುಲಫಶಾ ಫೋನಿನಲ್ಲಿ ಅವನಿಗೆ ಎಲ್ಲ ಬಿಡಿಸಿ ಹೇಳಿದ್ದಳು. ಹಿಂಡು ಒಂದು ಕಲ್ಲಿಡುವ ಮುಂಚೆ ತನ್ನೊಳಗೇ ಸಾವಿರಾರು ಆಟ ಬೇಕಾಬಿಟ್ಟಿ ಆಡಿ, ಪ್ರತಿಯೊಂದನ್ನೂ ಕೊನೆಯವರೆಗೆ ಮುಟ್ಟಿಸಿ ನೋಡುತ್ತದೆ. ಯಾವ ಕಲ್ಲಿನಿಂದ ಹೆಚ್ಚು ಸಲ ಗೆಲುವು ಬರುತ್ತದೋ ಅದನ್ನೇ ಇಡುತ್ತದೆ. ಎಷ್ಟು ಮನೆಯಿಂದ ಗೆದ್ದೆ ಎನ್ನುವುದರ ಗೊಡವೆ ಅದಕ್ಕಿಲ್ಲ. ಗೆಲುವು ಖಾತ್ರಿಯಾದ ಮೇಲೆ ಎರಡು ಕಲ್ಲು ಹೋದರೆ ಹೋಗಲಿ ಎಂದು ಬಿಟ್ಟುಕೊಡುತ್ತದೆ. ನಾವು ಕೈ ಚೆಲ್ಲಿತು ಅಂದುಕೊಂಡಾಗ ಅದು ಗೆದ್ದು ಕುಳಿತಿತ್ತು! ನಾನಂತೂ ಕಥೆ ಹೇಳುವಾಗ ರಾಜಕುಮಾರನಿಗೆ ಅರ್ಧ ರಾಜ್ಯ ಸಿಕ್ಕರೂ ಸಾಲದೆಂದು ಪೂರ್ತಿ ಕೊಡಿಸುವವನು. ಇದು ಅರ್ಧ ಮನೆ ಸಾಕೆಂದು ಎದ್ದಿತು. ಅಂಥದನ್ನು ನಮ್ಮ ಮನೆಯ ಹುಡುಗಿ ಮಾಡಿದ್ದಾಳೆ, ಜಹೀರ.

ಸೋಮವಾರ ಮುಂಜಾನೆ ಕಟ್ಟೆಯ ಮೇಲೆ ಎಂದಿನಂತೆ ಆಟ ಹೂಡಿದೆವು. ನನ್ನವು ಹುಲಿ, ದುಂಡಪ್ಪನವು ಕುರಿ. ಅವನು ಕುರಿ ಮೇಲೆ ಕುರಿ ಬಿಟ್ಟುಕೊಟ್ಟ. ಒಬ್ಬರೂ ಏಳಲಿಲ್ಲ. ಅವನಿಗೇ ಮುಜುಗರವಾಗಿ, "ಏಳ್ರೋ, ನಾ ಖರೇನ ಸೋಲಾಕ ಹತ್ತೇನಿ" ಅಂದ. "ಸುಮ್ಮನ ಆಡೋ, ಅರ್ಧ ಮನಿ ಎಲ್ಲೆರೆ ಇದ್ದೀತು" ಅಂದರು. ಖರೇನೇ ಸೋತ. ಎಲ್ಲರೂ ಕೊನೆಯವರೆಗೆ ಕುಳಿತು ನೋಡಿದರು, ಆಮೇಲೆ ಅವನಿಗೇ ಮೊದಲು ಚಹಾ ಕೊಟ್ಟರು.

ದಾರಿಯಲ್ಲಿ ಹುಷಾರು. ಅಲ್ಲಾಹ್ ನಿನ್ನನ್ನು ಸುಖವಾಗಿ ಮನೆ ಮುಟ್ಟಿಸಲಿ. ನಿನ್ನ ತಾಯಿ ಎಣ್ಣೆಯ ಮಾತು ಮತ್ತೆ ಬರೆ ಅನ್ನುತ್ತಿದ್ದಾಳೆ, ಬರೆದಿದ್ದೇನೆ.

ನಿನ್ನ ಅಪ್ಪ,
ಹಜರತಸಾಬ

ತಾ.ಕ.: ಗೆದ್ದ ಕೂಡಲೇ ಗುಲಫಶಾ ಅಂಗಡಿಗೆ ಫೋನ್ ಮಾಡಿ, "ದಾದಾ ಎಲ್ಲಿ?" ಎಂದು ನನ್ನನ್ನೇ ಕೇಳಿದಳಂತೆ. ವಿರೂಪಾಕ್ಷ, "ಚಾ ಕುಡ್ಯಾಕ ಹೋಗ್ಯಾರವಾ" ಅಂದನಂತೆ. ನಾವು ಎದ್ದು ಬಂದದ್ದು ಅವಳಿಗೆ ಗೊತ್ತಿಲ್ಲ. ನೀನು ಟ್ರಂಕ್ ಕಟ್ಟಲು ಹೇಳಿದ್ದೂ ಗೊತ್ತಿಲ್ಲ. ಎರಡೂ ನಮ್ಮಲ್ಲೇ ಇರಲಿ. ಫೋನ್ ಹತ್ತಿದರೆ ನನಗಲ್ಲ, ಮೊದಲು ಅವಳಿಗೆ ಮಾಡು. ಕೊಟ್ಟ ಮಾತು ಅವಳು ನೆನಪಿಸುವುದಿಲ್ಲ, ಓದಿಸುವ ಮಾತು ನೀನೇ ಎತ್ತು.